ಬೆಳೆ ಕಾಯುವ ಕೇಪಿನ ಕೋವಿ: ಆಯ್ಕೆ, ಈಡು ತುಂಬುವ ಕ್ರಮ ಮತ್ತು ಜೋಪಾನ

ಭತ್ತದ ತೆನೆ ಹಾಲುಗಟ್ಟುವ ಕಾಲಕ್ಕೆ ಸರಿಯಾಗಿ ಕಾಡಂಚಿನ ಹಳ್ಳಿಗಳಲ್ಲಿ ಹಂದಿಯ ಕಾಟ ಪ್ರಾರಂಭವಾಗುತ್ತದೆ. ಮುಸುಕಿನ ಜೋಳ, ಗೆಣಸು, ಕಬ್ಬು, ಬಾಳೆ, ಎಳೆಯ ಅಡಿಕೆ ಸಸಿ ಯಾವುದೂ ಇದಕ್ಕೆ ಹೊರತಲ್ಲ. ಒಂದು ಹಿಂಡು ಒಂದೇ ರಾತ್ರಿ ಗದ್ದೆಗೆ ಇಳಿದರೂ ಸಾಕು, ತಿಂದದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಹೆಚ್ಚಾಗಿರುತ್ತದೆ. ಆದುದರಿಂದಲೇ ಮಲೆನಾಡು ಮತ್ತು ಅರೆಮಲೆನಾಡಿನ ಅನೇಕ ರೈತರು ಬೆಳೆ ರಕ್ಷಣೆಗಾಗಿ ಕೋವಿ ಇಟ್ಟುಕೊಂಡಿದ್ದಾರೆ. ಇವುಗಳಲ್ಲಿ ಬಹುಪಾಲು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗಳು.

ಇಂದು ಈ ಕೋವಿಗಳು ಹಿರಿಯರಿಂದ ಕಿರಿಯರ ಕೈಗೆ ಬರುತ್ತಿವೆ. ಕೋವಿಯ ಜೊತೆಗೆ ಅದನ್ನು ಬಳಸುವ ಶಿಸ್ತೂ ಮುಂದಿನ ತಲೆಮಾರಿಗೆ ಬರಬೇಕು. ಹೊಸದಾಗಿ ಕೋವಿ ಹಿಡಿಯುವವರು ತಿಳಿದಿರಬೇಕಾದ ಮುಖ್ಯ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ಕೋವಿಯ ವಿಶೇಷ

ತೋಟಾ ಕೋವಿಯನ್ನು ಮಡಿಸಿ ತೆರೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಯಲ್ಲಿ ಹಾಗಲ್ಲ. ಇದರ ನಳಿಗೆಯ ಹಿಂತುದಿ ಮುಚ್ಚಿರುತ್ತದೆ. ಮದ್ದು, ಕತ್ತ, ಚರೆ ಎಲ್ಲವೂ ಬಾಯಿಯಿಂದಲೇ ಒಳಹೋಗಿ ತಳದಲ್ಲಿ ಕೂರುತ್ತವೆ. ತುಂಬಿದ ಕೋವಿಗೂ ಬರಿದಾದ ಕೋವಿಗೂ ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಇಲ್ಲ. ತೊಟ್ಟಿನ ಮೇಲೆ ಕೇಪು ಇಲ್ಲವೆಂದ ಮಾತ್ರಕ್ಕೆ ಕೋವಿ ಬರಿದಾಗಿದೆ ಎಂದು ತಿಳಿಯಬಾರದು. ಒಳಗೆ ಈಡು ಇದ್ದರೆ, ಕೆಂಡ ಅಥವಾ ಕಿಡಿ ತಾಗಿದರೂ ಅದು ಹಾರಬಹುದು. ಈ ಕೋವಿಯಿಂದಾಗುವ ಅನೇಕ ಅವಘಡಗಳಿಗೆ ಮೂಲ ಈ ಒಂದು ಗುಣವೇ. ಮುಂದೆ ಹೇಳುವ ಕ್ರಮಗಳೆಲ್ಲ ಇದನ್ನೇ ಗಮನದಲ್ಲಿಟ್ಟುಕೊಂಡಿವೆ.

ಕಾನೂನು ಏನು ಹೇಳುತ್ತದೆ?

1959ರ ಆಯುಧ ಕಾಯಿದೆಯಂತೆ ಪರವಾನಿಗೆ ಇಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಯಿಂದ ತುಂಬುವ ಕೋವಿಗೆ ಪರವಾನಿಗೆ ನೀಡಬಹುದೆಂದು ಆ ಕಾಯಿದೆಯ 13ನೆಯ ಪ್ರಕರಣದಲ್ಲಿಯೇ ಹೇಳಿದೆ. 2019ರ ತಿದ್ದುಪಡಿಯ ನಂತರ ಪರವಾನಿಗೆಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅವಧಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಪರವಾನಿಗೆದಾರರು ತೀರಿಕೊಂಡರೆ ಕೋವಿ ತಾನಾಗಿ ಮಗನದಾಗುವುದಿಲ್ಲ. ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಿಗೆ ಪಡೆದ ಕೋವಿ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆದು, ಬಳಿಕ ತನ್ನ ಹೆಸರಿಗೆ ಅರ್ಜಿ ಸಲ್ಲಿಸಬೇಕು.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಹು ಹಿಂದಿನಿಂದ ಪರವಾನಿಗೆಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಮತ್ತೆ 10 ವರ್ಷಗಳಿಗೆ ವಿಸ್ತರಿಸಿದೆ. ಆದರೆ ಈ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ.

ಕೋವಿಯ ಪರವಾನಿಗೆ ಬೇಟೆಯ ಪರವಾನಿಗೆಯಲ್ಲ ಎಂಬುದನ್ನು ಎಲ್ಲರೂ ಸ್ಪಷ್ಟವಾಗಿ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲಿಗೆ ಇದ್ದ ಬೇಟೆ ಪರವಾನಿಗೆಯ ಅವಕಾಶವನ್ನು 1991ರ ತಿದ್ದುಪಡಿ ತೆಗೆದುಹಾಕಿತು. ಆನೆ, ಕಾಟಿ, ನವಿಲು ಮೊದಲನೆಯ ಅನುಸೂಚಿಯಲ್ಲಿವೆ. ಇವುಗಳಿಗೆ ಗುಂಡು ಹಾರಿಸುವ ಮಾತೇ ಬೇಡ. ಕಾಡುಹಂದಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮನಗಂಡರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳು 11ನೆಯ ಪ್ರಕರಣದಂತೆ ಕಾರಣ ತೋರಿಸಿ ಲಿಖಿತ ಆದೇಶದ ಮೂಲಕ ಅನುಮತಿ ನೀಡಬಹುದು. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಸೊತ್ತು. ಲಿಖಿತ ಆದೇಶ ಕೈಯಲ್ಲಿಲ್ಲದಿದ್ದರೆ ರೈತನ ಕೋವಿಗೆ ಒಂದೇ ಕೆಲಸ: ಸದ್ದು ಮಾಡಿ ಓಡಿಸುವುದು. ಬೆಳೆ ನಷ್ಟವಾದರೆ ಅರಣ್ಯ ಇಲಾಖೆಗೆ ಪರಿಹಾರಧನಕ್ಕಾಗಿ ಅರ್ಜಿ ಸಲ್ಲಿಸುವುದನ್ನು ಮರೆಯಬಾರದು.

ಕೋವಿಯ ಆಯ್ಕೆ

ಹೊಸಬರಿಗೆ ಒಂಟಿ ನಳಿಗೆಯ ಕೋವಿಯೇ ಲೇಸು. ಜೋಡು ನಳಿಗೆಯಲ್ಲಿ ಒಂದನ್ನು ಹಾರಿಸಿ ಮತ್ತೆ ತುಂಬುವಾಗ, ಕತ್ತಲಲ್ಲಿ ಗಡಿಬಿಡಿಯಿಂದ ತುಂಬಿದ ನಳಿಗೆಗೇ ಎರಡನೆಯ ಈಡು ಹಾಕುವ ಸಂಭವವಿದೆ. ಎರಡು ಈಡು ಕುಳಿತ ನಳಿಗೆ ಒಡೆದರೆ ಎಡಗೈ ಉಳಿಯುವುದು ಕಷ್ಟ.

ಪೇಟೆಯಲ್ಲಿ 12 ಬೋರ್ ಎಂಬ ಮಾತು ಕೇಳಿಬರುತ್ತದೆ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಎರೆದರೆ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ನಳಿಗೆಯ ಒಳ ಅಗಲ, ಅಂದರೆ ಸುಮಾರು 18.5 ಮಿ.ಮೀ., ಎಂದು ಇದರ ಅರ್ಥ. ಆದುದರಿಂದ 16 ಬೋರ್ ಎಂದರೆ ದೊಡ್ಡದಲ್ಲ, ಅದಕ್ಕಿಂತ ಕಿರಿದು. ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಗೀರುಗಳಿರುತ್ತವೆ. ಬೆಳೆ ಕಾಯುವ ಕೋವಿಯ ನಳಿಗೆ ಒಳಗೆ ನುಣುಪಾಗಿರುತ್ತದೆ.

ಹಳೆಯ ಕೋವಿ ಕೊಳ್ಳುವವರು ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

1. ಕೋವಿಯ ಮೇಲಿನ ನಂಬರು ಮಾರುವವರ ಪರವಾನಿಗೆಯಲ್ಲಿರುವ ನಂಬರಿಗೆ ಸರಿಹೊಂದಬೇಕು. ತಯಾರಕರ ಗುರುತು ಮತ್ತು ನಳಿಗೆಯ ಪರೀಕ್ಷಾ ಮುದ್ರೆ ಸ್ಪಷ್ಟವಾಗಿರಬೇಕು. ನಂಬರು ಉಜ್ಜಿದ ಕೋವಿಯನ್ನು ಮುಟ್ಟಲೇಬಾರದು.

2. ನಳಿಗೆಯ ಉದ್ದಕ್ಕೂ ಬೆರಳಾಡಿಸಿ ನೋಡಬೇಕು. ಎಲ್ಲಿಯಾದರೂ ಉಬ್ಬಿದ್ದರೆ ಅದು ಹಿಂದೊಮ್ಮೆ ಮಿತಿಮೀರಿದ ಒತ್ತಡಕ್ಕೆ ಸಿಕ್ಕಿದೆ ಎಂದೇ ಅರ್ಥ. ತಳಭಾಗದಲ್ಲಿ ತುಕ್ಕು ತಿಂದ ಕುಳಿಗಳಿದ್ದರೂ ಬೇಡ.

3. ಕುದುರೆಯನ್ನು ಅರ್ಧ ಎಳೆದಾಗ ಗಟ್ಟಿಯಾಗಿ ನಿಲ್ಲಬೇಕು. ಆ ಸ್ಥಿತಿಯಲ್ಲಿ ಟ್ರಿಗರ್ ಒತ್ತಿದರೂ ಬೀಳಬಾರದು. ಈ ಪರೀಕ್ಷೆಯನ್ನು ಕೋವಿ ಬರಿದಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮಾಡತಕ್ಕದ್ದು.

4. ಕೇಪು ಕೂರಿಸುವ ತೊಟ್ಟಿನ ಮರೆ ಸವೆದು ಸಡಿಲವಾಗಿರಬಾರದು. ಸಡಿಲವಾದ ತೊಟ್ಟು ಹಾರಿ ಮುಖಕ್ಕೆ ಬಡಿಯುತ್ತದೆ.

ಸಂದೇಹವಿದ್ದರೆ ಕೋವಿ ರಿಪೇರಿಗೆ ಪರವಾನಿಗೆ ಪಡೆದವರಿಗೆ ತೋರಿಸಬೇಕು. ಊರಿನ ಕುಲುಮೆಯಲ್ಲಿ ಬೆಸುಗೆ ಹಾಕಿಸಬಾರದು.

ಗಜಕ್ಕೆ ಎರಡು ಗುರುತು

ಕೋವಿ ಮನೆಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಇದು. ಇದಕ್ಕೆ ಕಾಸಿನ ಖರ್ಚೂ ಇಲ್ಲ. ಬರಿದಾದ, ಚೊಕ್ಕ ಮಾಡಿದ ನಳಿಗೆಯೊಳಗೆ ಗಜವನ್ನು ತಳ ಮುಟ್ಟುವವರೆಗೆ ಇಳಿಬಿಟ್ಟು, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೆ ಅರದಿಂದ ಒಂದು ಗೀರು ಹಾಕಬೇಕು. ಇದು ಬರಿದು ಗುರುತು. ಬಳಿಕ ಒಮ್ಮೆ ಸರಿಯಾದ ಅಳತೆಯಲ್ಲಿ ಈಡು ತುಂಬಿದಾಗ, ಗಜ ಈಡಿನ ಮೇಲೆ ನಿಂತ ಮಟ್ಟಕ್ಕೆ ಇನ್ನೊಂದು ಗೀರು ಹಾಕಬೇಕು. ಇದು ತುಂಬಿದ ಗುರುತು.

ಇನ್ನು ಮುಂದೆ ಕೋವಿ ಕೈಗೆ ಬಂದಾಗಲೆಲ್ಲ ಮೊದಲು ಕೇಪು ಇದ್ದರೆ ತೆಗೆದು, ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ, ಗಜ ಇಳಿಬಿಟ್ಟು ನೋಡಬೇಕು. ಗಜ ಮೊದಲ ಗುರುತಿನವರೆಗೆ ಇಳಿದರೆ ಕೋವಿ ಬರಿದು. ಎರಡನೆಯ ಗುರುತಿನಲ್ಲಿ ನಿಂತರೆ ಈಡಿದೆ. ಎರಡನೆಯ ಗುರುತು ಬಾಯಿಗಿಂತ ಮೇಲೆಯೇ ಉಳಿದರೆ ಎರಡು ಈಡು ಬಿದ್ದಿರಬೇಕು, ಇಲ್ಲವೇ ಮದ್ದಿಗೂ ಚರೆಗೂ ನಡುವೆ ಸಂದು ಉಳಿದಿರಬೇಕು. ಅಂತಹ ಕೋವಿಯನ್ನು ಹಾರಿಸಲೇಬಾರದು.

ಈಡು ತುಂಬುವ ಕ್ರಮ

ಕೇಪಿನ ಕೋವಿಗೆ ಕರಿಮದ್ದು ಮಾತ್ರ. ತೋಟಾ ಬಿಚ್ಚಿ ತೆಗೆದ ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಸೀಳುತ್ತದೆ. ಮನೆಯಲ್ಲಿ ಮದ್ದು ಅರೆಯುವುದು ಅಪಾಯವೂ ಹೌದು, ಅಪರಾಧವೂ ಹೌದು. ಮದ್ದಿನ ಪ್ರಮಾಣವನ್ನು ತಯಾರಕರು ಅಥವಾ ಪರವಾನಿಗೆ ಪಡೆದ ವ್ಯಾಪಾರಿ ತಿಳಿಸಿದ ಅಳತೆಗೆ ಮೀರಿಸಬಾರದು. ಅಂಗೈ ಅಂದಾಜು ಸಲ್ಲದು.

1. ಗಜ ಇಳಿಬಿಟ್ಟು ಕೋವಿ ಬರಿದಾಗಿರುವುದನ್ನು ನೋಡಿಕೊಳ್ಳಬೇಕು.

2. ಬಾಯಿಯನ್ನು ಒಂದು ಹುಲ್ಲಿನ ಎಸಳಿನ ಹತ್ತಿರ ಹಿಡಿದು ಬರೀ ಕೇಪು ಒಂದನ್ನು ಹೊಡೆಯಬೇಕು. ಎಸಳು ಅಲುಗಿದರೆ ತೊಟ್ಟಿನ ತೂತು ಸ್ವಚ್ಛವಾಗಿದೆ ಎಂದು ತಿಳಿಯಬೇಕು. ಹೊಡೆದ ಕೇಪನ್ನು ತೆಗೆದುಹಾಕಬೇಕು.

3. ಕೋವಿಯ ಹಿಡಿಯನ್ನು ನೆಲಕ್ಕೆ ಊರಿ, ಬಾಯಿ ಮುಖದಿಂದ ದೂರವಿರುವಂತೆ ಓರೆಯಾಗಿ ಹಿಡಿದು, ಅಳತೆಯ ಡಬ್ಬಿಯಿಂದ ಮದ್ದು ಸುರಿಯಬೇಕು. ಮದ್ದಿನ ಕೊಂಬಿನಿಂದ ಅಥವಾ ಬಾಟಲಿಯಿಂದ ನೇರ ಸುರಿಯಬಾರದು. ಹಿಂದಿನ ಈಡಿನ ಕಿಡಿಯೊಂದು ತಳದಲ್ಲಿ ಉಳಿದಿದ್ದರೆ ಕೊಂಬು ಕೈಯಲ್ಲೇ ಸಿಡಿಯುತ್ತದೆ.

4. ಕತ್ತ ಅಥವಾ ರಟ್ಟಿನ ಬಿಲ್ಲೆಯನ್ನು ಹಾಕಿ ಮದ್ದಿಗೆ ತಾಗುವಂತೆ ಒತ್ತಬೇಕು. ಗಜವನ್ನು ಅಂಗೈಯಿಂದ ಬಡಿಯದೆ ಬೆರಳುಗಳಲ್ಲಿ ಹಿಡಿದು ಒತ್ತುವುದು ಕ್ಷೇಮ.

5. ಲಿಖಿತ ಅನುಮತಿ ಇದ್ದಾಗ ಮಾತ್ರ ಚರೆ, ಅದರ ಮೇಲೆ ಮತ್ತೊಂದು ತೆಳು ಬಿಲ್ಲೆ. ಓಡಿಸುವ ಸದ್ದಿಗೆ ಚರೆ ಬೇಕಿಲ್ಲ. ಮದ್ದು ಮತ್ತು ಬಿಲ್ಲೆ ಸಾಕು. ಈ ಬರೀ ಈಡು ನಿಲ್ಲುವ ಮಟ್ಟಕ್ಕೂ ಗಜದ ಮೇಲೆ ಬೇರೆ ಬಣ್ಣದ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಉರಿಯುವ ಬಿಲ್ಲೆ ಬಣವೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

6. ಗಜದ ಗುರುತು ನೋಡಿ, ಗಜವನ್ನು ಹೊರತೆಗೆದು ಅದರ ಸ್ಥಾನದಲ್ಲಿಡಬೇಕು.

7. ಎಲ್ಲಕ್ಕೂ ಕೊನೆಗೆ ಕೇಪು. ಅದೂ ಕಾವಲಿನ ಸ್ಥಳದಲ್ಲಿ ನಿಂತ ಮೇಲೆ. ಕೇಪು ಹಾಕಿದ ಕೋವಿ ಹಿಡಿದು ಬೇಲಿ ದಾಟುವುದು, ಅಟ್ಟಣೆ ಹತ್ತುವುದು, ಬದುವಿನ ಮೇಲೆ ನಡೆಯುವುದು ಕೂಡದು.

ಚರೆ ಟಾರ್ಚಿನ ಬೆಳಕಿಗಿಂತ ದೂರ ಹೋಗುತ್ತದೆ. ಕಾಣದ ಪೊದೆಯ ಸದ್ದಿಗೆ ಗುರಿಯಿಟ್ಟರೆ ಆಚೆ ಇರುವುದು ಪಕ್ಕದ ಗದ್ದೆ ಕಾಯುವ ನೆರೆಯವರೂ ಆಗಿರಬಹುದು. ತಂತಿ ಕಟ್ಟಿ ತಾನಾಗಿ ಹಾರುವಂತೆ ಕೋವಿ ಇಡುವುದಂತೂ ಮನುಷ್ಯಹತ್ಯೆಗೆ ದಾರಿ.

ಈಡು ಹಾರದಿದ್ದರೆ

ಕೇಪು ಸಿಡಿದು ಈಡು ಹಾರದಿದ್ದರೆ ಕೋವಿಯನ್ನು ಇಳಿಸದೆ, ಬಾಯಿಯನ್ನು ಜನವಿಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ತೇವಗೊಂಡ ಮದ್ದು ತಡವಾಗಿ ಹತ್ತುವುದುಂಟು. ಆಮೇಲೆ ಇನ್ನೊಂದು ಕೇಪು ಹಾಕಿ ನೋಡಬಹುದು. ಆಗಲೂ ಹಾರದಿದ್ದರೆ ಕೇಪು ತೆಗೆದು, ತೊಟ್ಟಿನ ತೂತಿನಿಂದ ನೀರು ಬಿಟ್ಟು ಮದ್ದನ್ನು ನೆನೆಸಿ, ಗಜದ ತುದಿಗೆ ಹಾಕುವ ತಿರುಪಿನಿಂದ ಬಿಲ್ಲೆ ಮತ್ತು ಚರೆಯನ್ನು ಹೊರತೆಗೆಯಬೇಕು. ಒಣಮದ್ದಿನ ಮೇಲೆ ತಿರುಪು ಆಡಿಸಬಾರದು. ಅಭ್ಯಾಸವಿಲ್ಲದವರು ಬಲ್ಲವರ ನೆರವು ಪಡೆಯುವುದು ಒಳಿತು.

ಶುಚಿ ಮಾಡುವುದು

ಕರಿಮದ್ದು ಉರಿದು ಉಳಿಯುವ ಮಸಿ ಗಾಳಿಯ ತೇವವನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಬರೀ ಎಣ್ಣೆ ಹಚ್ಚಿದರೆ ಮಸಿ ಹೋಗುವುದಿಲ್ಲ. ಹಾರಿಸಿದ ದಿನವೇ ಬಿಸಿನೀರಿಗೆ ಸ್ವಲ್ಪ ಸೋಪು ಬೆರೆಸಿ, ಗಜದ ತುದಿಗೆ ಬಟ್ಟೆ ಸುತ್ತಿ, ನೀರು ತಿಳಿಯಾಗಿ ಬರುವವರೆಗೆ ನಳಿಗೆಯನ್ನು ತೊಳೆಯಬೇಕು. ಕೊನೆಯ ನೀರು ಕುದಿ ನೀರಾದರೆ ಕಬ್ಬಿಣ ಬಿಸಿಯಾಗಿ ಬೇಗ ಒಣಗುತ್ತದೆ. ಒಣಬಟ್ಟೆ ಆಡಿಸಿ, ಬಳಿಕ ಹೊಲಿಗೆ ಯಂತ್ರದ ಎಣ್ಣೆಯಂತಹ ತೆಳು ಎಣ್ಣೆಯನ್ನು ಸವರಬೇಕು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಚೊಕ್ಕ ಮಾಡಿ ಪೂಜೆಗಿಡುತ್ತಾರೆ. ಬೇರೆ ಕಡೆಯ ರೈತರೂ ವರ್ಷಕ್ಕೆ ಒಂದು ದಿನವನ್ನಾದರೂ ಕೋವಿಯ ಪೂರ್ಣ ತಪಾಸಣೆಗೆ ಮೀಸಲಿಡಬೇಕು.

ಮನೆಯಲ್ಲಿ ಜೋಪಾನ

ರಾತ್ರಿ ಹಂದಿ ಬಂದರೆ ಸಿದ್ಧವಾಗಿರಲೆಂದು ತುಂಬಿದ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸುವ ರೂಢಿ ಅನೇಕ ಮನೆಗಳಲ್ಲಿದೆ. ಇದನ್ನು ಇಂದೇ ಬಿಡಬೇಕು. ಬೆಳಗ್ಗೆ ಮನೆಯ ಯಜಮಾನ ತೋಟಕ್ಕೆ ಹೋಗಿರುತ್ತಾನೆ, ಕೋವಿ ಅಲ್ಲೇ ಇರುತ್ತದೆ. ಹಬ್ಬಕ್ಕೆ ಬಂದ ನೆಂಟರ ಹುಡುಗ ಅದನ್ನು ಎತ್ತಿಕೊಂಡು ಆಟಕ್ಕೆ ಗುರಿ ಹಿಡಿಯುತ್ತಾನೆ. ಬರಿದಾದ ಕೋವಿ ಎಂದುಕೊಂಡೇ ಇಂತಹ ಅನಾಹುತಗಳು ನಡೆಯುತ್ತವೆ. ಅಲ್ಲದೆ ನಳಿಗೆಯಲ್ಲಿ ಬಹುಕಾಲ ಕುಳಿತ ಮದ್ದು ತೇವ ಹೀರಿ ಬೇಕಾದಾಗ ಹತ್ತುವುದೂ ಇಲ್ಲ.

ಕೋವಿಯನ್ನು ಬರಿದು ಮಾಡಿ, ಬೀಗವಿರುವ ಕಬ್ಬಿಣದ ಬೀರುವಿನಲ್ಲಿಡಬೇಕು. ಬಾಯಿ ಸ್ವಲ್ಪ ಕೆಳಮುಖವಾಗಿದ್ದರೆ ಎಣ್ಣೆ ಇಳಿದು ತೊಟ್ಟಿನ ತೂತು ಕಟ್ಟುವುದಿಲ್ಲ. ಮದ್ದು ಒಂದು ಬೀಗದಲ್ಲಿ, ಕೇಪು ಇನ್ನೊಂದು ಬೀಗದಲ್ಲಿ ಇರಬೇಕು. ಬೆಚ್ಚಗಿರುತ್ತದೆಂದು ಮದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಮನೆಗೆ ಬೆಂಕಿ ಇಟ್ಟಂತೆಯೇ ಸರಿ. ಕೊಂಡಾಗ ಬಂದ ಡಬ್ಬಿಯಲ್ಲಿಯೇ, ಒಣಗಿದ ತಂಪು ಜಾಗದಲ್ಲಿ, ಒಲೆ, ದೀಪ ಹಾಗೂ ವಿದ್ಯುತ್ ತಂತಿಗಳಿಂದ ದೂರದಲ್ಲಿ ಮದ್ದನ್ನು ಇಡಬೇಕು. ಪರವಾನಿಗೆಯಲ್ಲಿ ನಮೂದಿಸಿದ ಪ್ರಮಾಣಕ್ಕಿಂತ ಹೆಚ್ಚು ಇಡಬಾರದು. ಚುನಾವಣೆಯ ಸಮಯದಲ್ಲಿ ಕೋವಿಯನ್ನು ಠೇವಣಿ ಇಡಬೇಕಾಗಿ ಬಂದಾಗ ಠಾಣೆಗೆ ಒಯ್ಯುವ ಮೊದಲು ಮನೆಯಲ್ಲೇ ಗಜ ಇಳಿಬಿಟ್ಟು ನೋಡಬೇಕು. ಮರಳಿ ತಂದ ದಿನವೂ ಹಾಗೆಯೇ.

ಬೆಳೆ ಹೋದರೆ ಮುಂದಿನ ವರ್ಷ ಮತ್ತೆ ಬೆಳೆಯಬಹುದು, ಹೋದ ಜೀವ ಬರುವುದಿಲ್ಲ. ಮನೆಯಲ್ಲಿ ಕೋವಿ ಇರುವ ಪ್ರತಿಯೊಬ್ಬ ರೈತನೂ ಈ ವಾರವೇ ಗಜಕ್ಕೆ ಗುರುತು ಹಾಕಿ, ಅದರ ಅರ್ಥವನ್ನು ಮನೆಯ ಹಿರಿಯರಿಗೂ ಹೆಂಗಸರಿಗೂ ತಿಳಿಸಿಕೊಟ್ಟರೆ, ಬೆಳೆ ಕಾಯಲೆಂದು ತಂದ ಕೋವಿ ಮನೆಯವರಿಗೆ ಕಂಟಕವಾಗುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.