ತೋಟದ ಕಾಲನಿಯ 20 ಮಕ್ಕಳಿಗೆ ತಮಿಳು ಕಲಿಸಲು ಎಷ್ಟು ಖರ್ಚು?

ಮಂಗಳೂರು: ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ತಮಿಳು ಮಾತಾಡುವ ಕುಟುಂಬಗಳು ಬಂದು ನೆಲೆಸಿದ್ದರ ಹಿಂದೆ ಒಂದು ದೊಡ್ಡ ಲೆಕ್ಕವಿದೆ. 1964ರ ಅಕ್ಟೋಬರ್ 30ರಂದು ಭಾರತದ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿಲೋನಿನ (ಇಂದಿನ ಶ್ರೀಲಂಕಾ) ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದ ಸಿಲೋನಿನ 9,75,000 ಭಾರತ ಮೂಲದ ಜನರ ಹಣೆಬರಹ ಬರೆಯಿತು. 5,25,000 ಜನ ಭಾರತದ ಪಾಲಿಗೆ, 3,00,000 ಜನ ಸಿಲೋನಿನ ಪಾಲಿಗೆ. ಉಳಿದ 1,50,000 ಜನರನ್ನು 1974ರಲ್ಲಿ ಎರಡೂ ದೇಶಗಳು ತಲಾ 75,000ದಂತೆ ಹಂಚಿಕೊಂಡವು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳಿಗೆ, 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಟ್ಯಾಪಿಂಗ್ (ಮರ ಕೆತ್ತಿ ಹಾಲು ಇಳಿಸುವ) ಕೆಲಸ ಸಿಕ್ಕಿತು. ಕಾಗದದಲ್ಲಿ ಅವರು ಮರಳಿ ಬಂದ ಭಾರತೀಯರು, ಊರವರ ಬಾಯಲ್ಲಿ ನಿರಾಶ್ರಿತರು.

ಅವರ ಮೊಮ್ಮಕ್ಕಳು ಮನೆಯಲ್ಲಿ ತಮಿಳು, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುತ್ತಾರೆ. ಮೂರು ಭಾಷೆ ಆಡುವ ಮಗುವಿಗೆ ಅಜ್ಜಿಯ ಭಾಷೆಯನ್ನು ಓದಲು ಬರೆಯಲು ಕಲಿಸುವುದು ದುಬಾರಿಯೇನಲ್ಲ. ನಾವು ಎಣಿಸುತ್ತಿರುವ ಜಾಗ ಮಾತ್ರ ತಪ್ಪು.

1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಕೊಟ್ಟಿತ್ತು: ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಪ್ರಾಥಮಿಕ ಹಂತದ ಈ ಸೌಲಭ್ಯಕ್ಕೆ ಆಸರೆಯಾಯಿತು. ಶಿಕ್ಷಕರ ಗೌರವಧನ ತಿಂಗಳಿಗೆ 12,000 ರೂ. ಎಂದು ಹಿಡಿದರೆ 10 ತಿಂಗಳಿಗೆ 1,20,000 ರೂ. ಮಕ್ಕಳು 40 ಇದ್ದರೆ ತಲಾ 3,000 ರೂ., 10 ಇದ್ದರೆ 12,000 ರೂ. ಒಂದು ಕಾಲನಿಯ ಮಕ್ಕಳು ಎರಡು ಮೂರು ಶಾಲೆಗಳಿಗೆ, ಏಳೆಂಟು ತರಗತಿಗಳಿಗೆ ಚದುರಿ ಹೋದರೆ ಯಾವ ತರಗತಿಯಲ್ಲೂ 10 ತುಂಬುವುದಿಲ್ಲ. ಸಂಜೆ ಅದೇ ಮಕ್ಕಳು ಒಂದೇ ಅಂಗಳದಲ್ಲಿ ಆಡುತ್ತಿರುತ್ತಾರೆ.

ಹಾಗಾಗಿ ಶಾಲೆಯ ಹಾಜರಿ ಪುಸ್ತಕ ಬಿಟ್ಟು ಕಾಲನಿಯನ್ನು ಘಟಕವಾಗಿ ಹಿಡಿದು ನನ್ನ ಅಂದಾಜು ಹಾಕಿದ್ದೇನೆ. 20 ಮಕ್ಕಳು, ದಿನಕ್ಕೆ ಒಂದು ಗಂಟೆ, ವಾರಕ್ಕೆ 5 ದಿನ, 40 ವಾರ: ಒಟ್ಟು 200 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ 5ನೇ ತರಗತಿವರೆಗೆ ವರ್ಷಕ್ಕೆ 800 ಬೋಧನಾ ಗಂಟೆ ಕೇಳುತ್ತದೆ, ಇದು ಅದರ ಕಾಲು ಭಾಗ. ಟ್ಯಾಪಿಂಗ್ ನಸುಕಿನಲ್ಲೇ ಶುರುವಾಗುವ ಕೆಲಸ, ಬೆಳಗಿನ ಪಾಠ ಆಗದ ಮಾತು. ಸಂಜೆಯೇ ಸರಿ.

ಕಾಲನಿಯಲ್ಲೇ ಇರುವ, ತಮಿಳು ಓದಬಲ್ಲ ಯುವತಿಗೆ ತಿಂಗಳಿಗೆ 5,000 ರೂ. ಕೊಟ್ಟರೆ 10 ತಿಂಗಳಿಗೆ 50,000 ರೂ. ಪುಸ್ತಕ, ಎರಡು ನೋಟ್ ಪುಸ್ತಕ, ಪೆನ್ಸಿಲ್ ಸೇರಿ ಮಗುವಿಗೆ 300ರಂತೆ 6,000 ರೂ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ತಮಿಳು ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. 16 ಪುಟದ 25 ಕಥೆಗಳನ್ನು ಮಂಗಳೂರಿನಲ್ಲಿ ಪುಟಕ್ಕೆ 2 ರೂ. ಲೆಕ್ಕದಲ್ಲಿ ಜೆರಾಕ್ಸ್ ಮಾಡಿಸಿದರೆ ಒಂದು ಸೆಟ್ಟಿಗೆ 800, ಎರಡು ಸೆಟ್ಟಿಗೆ 1,600 ರೂ. ಕಲಿಸುವವರಿಗೆ ನಗರದಲ್ಲಿ 5 ದಿನದ ತರಬೇತಿ, ದಿನಕ್ಕೆ ಬಸ್ಸು ಊಟಕ್ಕೆ 500ರಂತೆ 2,500 ರೂ. ಎಲ್ಲ ಕೂಡಿಸಿದರೆ 60,100 ರೂ.

ತಲಾ 3,005 ರೂ. ಆಯಿತು. ಗಂಟೆಗೆ ಒಂದು ಮಗುವಿಗೆ ಬರೀ 15 ರೂ. ಇದರಲ್ಲಿ ಶೇ. 83ರಷ್ಟು ಕಲಿಸುವವರ ಕೈಗೇ ಹೋಗುತ್ತದೆ, ಹೋಗಬೇಕಾದದ್ದೂ ಅಲ್ಲಿಗೇ. ತಮಿಳುನಾಡು 2021ರಲ್ಲಿ ಆರಂಭಿಸಿದ ‘ಇಲ್ಲಂ ತೇಡಿ ಕಲ್ವಿ’ ಯೋಜನೆಯಲ್ಲಿ ಸಂಜೆ ಪಾಠ ಹೇಳುವ ಸ್ವಯಂಸೇವಕರಿಗೆ ತಿಂಗಳಿಗೆ 1,000 ರೂ. ನಿಗದಿಯಾಗಿತ್ತು. ಯೋಜನೆಯ ವ್ಯಾಪ್ತಿಯನ್ನು ಮೆಚ್ಚುತ್ತೇನೆ. ಆದರೆ ಆ ದರವನ್ನು ಇಲ್ಲಿಗೆ ತರಬಾರದು. 20 ಮಕ್ಕಳ ಹೊಣೆ ಹೊರುವ ಹೆಣ್ಣುಮಗಳ ದುಡಿಮೆಯನ್ನು ಸೇವೆ ಎಂದು ಕರೆದು ಅಗ್ಗ ಮಾಡುವುದು ನ್ಯಾಯವಲ್ಲ.

ಅಕ್ಷರದ ಲೆಕ್ಕವೂ ಹೆದರಿಸುವಂಥದ್ದಲ್ಲ. ತಮಿಳಿನಲ್ಲಿ 12 ಸ್ವರ, 18 ವ್ಯಂಜನ, ಆಯ್ದಂ ಎಂಬ ಒಂದು ವಿಶೇಷ ಅಕ್ಷರ. ಗುಣಿತಾಕ್ಷರ 216 ಸೇರಿದರೆ 247. ಕನ್ನಡದ 49 ಅಕ್ಷರ ಕಲಿತ ಮಗುವಿಗೆ ಕಾಗುಣಿತದ ಕ್ರಮ ಮೊದಲೇ ಗೊತ್ತು, ಹೊಸದಾಗಿ ಕಲಿಯಬೇಕಾದದ್ದು ಆಕಾರಗಳನ್ನು. ಅದಕ್ಕೇ 3ನೇ ತರಗತಿಯ ಮಕ್ಕಳಿಂದ ಶುರುಮಾಡುವುದು ಮೇಲು.

ವಲಸೆ ಬಂದವರು ತಮ್ಮ ಭಾಷೆ ಉಳಿಸಿಕೊಳ್ಳುವುದು ಮಂಗಳೂರಿಗೆ ಹೊಸ ಸಂಗತಿಯೂ ಅಲ್ಲ. ಗೋವೆಯಲ್ಲಿ 1560ರಲ್ಲಿ ಪೋರ್ಚುಗೀಸರ ಧಾರ್ಮಿಕ ವಿಚಾರಣೆ, ಅಂದರೆ ಇನ್‌ಕ್ವಿಸಿಷನ್ ಆರಂಭವಾಯಿತು. 1684ರಲ್ಲಂತೂ 3 ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕೆಂಬ ಆಜ್ಞೆ ಬಂತು. ಆ ಶತಮಾನಗಳಲ್ಲಿ ಊರು ಬಿಟ್ಟು ಬಂದವರ ಸಂತತಿ ಈ ನಗರದಲ್ಲಿ ಕನ್ನಡ ಲಿಪಿಯಲ್ಲೇ ಕೊಂಕಣಿ ಬರೆದು, 1912ರಲ್ಲಿ ‘ಕೊಂಕ್ಣಿ ದಿರ್ವೆಂ’, 1938ರಲ್ಲಿ ‘ರಾಕ್ಣೊ’ ಪತ್ರಿಕೆ ತಂದಿತು. ಲಿಪಿ ಕಲಿಸುವ ಖರ್ಚು ಅವರಿಗೆ ಸೊನ್ನೆ. ಆದರೂ ಶಾಲೆಯಲ್ಲಿ ಕೊಂಕಣಿ ತೃತೀಯ ಭಾಷೆಯಾಗಿ ಬಂದದ್ದು 2007ರ ಹೊತ್ತಿಗೆ, ಅದೂ 6ನೇ ತರಗತಿಯಿಂದ. ಬೈಲಕುಪ್ಪೆಯ ಟಿಬೆಟನ್ನರ ದಾರಿ ಬೇರೆ. ಟಿಬೆಟನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಆಡಳಿತ ಸಂಸ್ಥೆ ಕಟ್ಟಿಕೊಟ್ಟಿತು. ಅಂಥ ಆಸರೆ ರಬ್ಬರ್ ತೋಟದ ಮಕ್ಕಳಿಗೆ ಸಿಗಲಿಲ್ಲ.

ಮೊದಲು ಆಗಬೇಕಾದದ್ದು ಗಣತಿ. ಯಾವ ಕಾಲನಿಯಲ್ಲಿ 8ರಿಂದ 13 ವರ್ಷದ ಮಕ್ಕಳು ಎಷ್ಟಿದ್ದಾರೆ, ತಮಿಳು ಓದಬಲ್ಲ ದೊಡ್ಡವರು ಎಷ್ಟಿದ್ದಾರೆ ಎಂಬ ಎರಡು ಅಂಕಣದ ಪಟ್ಟಿ ಸಾಕು. 10 ಕಾಲನಿಗಳಲ್ಲಿ ತಲಾ 20 ಮಕ್ಕಳು ಸಿಕ್ಕರೆ ಜಿಲ್ಲೆ ವರ್ಷಕ್ಕೆ ಹೊಂದಿಸಬೇಕಾದದ್ದು 6,01,000 ರೂ.