ಸಾಲಿನಿಂದ ಕಳಚಿದ ಹಾಡು: ಮಲೆಯ ಮಾದೇಶ್ವರ ಪರಂಪರೆಯ ಗೀತೆಗಳು ಮತ್ತು ದೃಶ್ಯಮಾಧ್ಯಮ

ಸಂಗೀತದ ತುಣುಕೊಂದು ದೃಶ್ಯದೊಡನೆ ಒಮ್ಮೆ ಬೆಸೆದುಕೊಂಡರೆ, ಕೇಳುಗರ ನೆನಪಿನಲ್ಲಿ ಅವೆರಡನ್ನು ಬಿಡಿಸುವುದು ಕಷ್ಟ. ಮೊಜಾರ್ಟ್‌ನ 25ನೆಯ ಸಿಂಫನಿ 1773ರಲ್ಲಿ ರಚಿತವಾದ ಕೃತಿ. ಆದರೆ ಭಾರತದ ಬಹುಪಾಲು ಕೇಳುಗರಿಗೆ ಅದರ ಆರಂಭದ ಸ್ವರಗಳೆಂದರೆ ಟೈಟಾನ್ ಕೈಗಡಿಯಾರದ ಜಾಹೀರಾತು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ದೂರದರ್ಶನ ಧಾರಾವಾಹಿಗೆ ಎಲ್. ವೈದ್ಯನಾಥನ್ ಸಂಯೋಜಿಸಿದ ಶೀರ್ಷಿಕೆ ಸಂಗೀತವೂ ಇಂಥದೇ. ಅದನ್ನು ಕೇಳಿದೊಡನೆ ಒಂದು ತಲೆಮಾರಿನ ಕಣ್ಣೆದುರು ಆಗುಂಬೆಯ ಬೀದಿ ಮೂಡುತ್ತದೆ. ಇವೆರಡರಲ್ಲಿ ಎರಡನೆಯದು ದೃಶ್ಯಕ್ಕಾಗಿಯೇ ಹುಟ್ಟಿದ ಸಂಗೀತ. ಮೊದಲನೆಯದು ಬೇರೆಡೆ ಹುಟ್ಟಿ ಜಾಹೀರಾತಿಗೆ ಬಂದು ಸೇರಿದ್ದು. ಆದರೂ ಅದರ ಕರ್ತೃವಿನ ಹೆಸರು ಅಳಿದಿಲ್ಲ, ಸ್ವರಲಿಪಿ ನಾಶವಾಗಿಲ್ಲ.

ಮೂರನೆಯ ಬಗೆಯೊಂದಿದೆ. ಒಂದು ಸಮುದಾಯದ ಆಚರಣೆಯಲ್ಲಿ ನೆಲೆ ನಿಂತ, ಕರ್ತೃ ಯಾರೆಂದು ತಿಳಿಯದ, ಲಿಪಿಯ ಆಸರೆಯಿಲ್ಲದ ಹಾಡು ದೃಶ್ಯಮಾಧ್ಯಮಕ್ಕೆ ಬಂದು ಅಲ್ಲಿಯ ಗುರುತನ್ನೇ ತನ್ನ ಗುರುತಾಗಿಸಿಕೊಳ್ಳುವುದು. ಜಾನಪದ ಅಧ್ಯಯನಕ್ಕೆ ಮುಖ್ಯವಾದುದು ಈ ಬಗೆ. ಮಲೆಯ ಮಾದೇಶ್ವರ ಪರಂಪರೆಯ ಗೀತೆಗಳು ಇದಕ್ಕೆ ಸ್ಪಷ್ಟ ನಿದರ್ಶನ.

1. ಹಾಡಿನ ನೆಲೆ: ‘ಸಾಲು’

ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟವನ್ನು ಕೇಂದ್ರವಾಗಿಸಿಕೊಂಡ ಈ ಪರಂಪರೆಯ ಗಾಯಕರು ದೇವರಗುಡ್ಡರು ಮತ್ತು ಕಂಸಾಳೆಯವರು. ಇವರು ದೀಕ್ಷೆ ಪಡೆದ ಭಕ್ತರು. ಮಾದಪ್ಪನ ಹೆಸರಿನಲ್ಲಿ ಮನೆಮನೆಗೆ ಹೋಗಿ ಭಿಕ್ಷೆ ಬೇಡುವುದು ಇವರ ವ್ರತದ ಭಾಗ. ಈ ಭಿಕ್ಷೆಗೆ ‘ಕೋರಣ್ಯ’ವೆಂದು ಹೆಸರು. ಕಂಸಾಳೆಯೆಂಬುದು ವಾದ್ಯದ ಹೆಸರೂ ಹೌದು, ಅದನ್ನು ನುಡಿಸುವವರ ಹೆಸರೂ ಹೌದು. ಒಂದು ಕೈಯಲ್ಲಿ ಬಟ್ಟಲಿನಾಕಾರದ ತಾಳ, ಇನ್ನೊಂದರಲ್ಲಿ ಚಪ್ಪಟೆಯಾದ ತಾಳ. ಇವುಗಳ ತಾಡನವೇ ಹಾಡಿನ ಲಯ. ಬೀಸು ಕಂಸಾಳೆಯಲ್ಲಿ ಈ ತಾಳಗಳನ್ನು ಬೀಸುತ್ತ, ಒಬ್ಬರ ತಾಳಕ್ಕೆ ಇನ್ನೊಬ್ಬರು ತಾಳ ತಾಗಿಸುತ್ತ ಕುಣಿಯುತ್ತಾರೆ.

ಮಾದೇಶ್ವರ ಕಾವ್ಯವು ‘ಸಾಲು’ಗಳಾಗಿ ಹರಿಯುತ್ತದೆ. ಸಾಲೆಂದರೆ ತನ್ನಷ್ಟಕ್ಕೆ ಪೂರ್ಣವಾದ, ಆದರೆ ಇಡೀ ಕಾವ್ಯದೊಳಗೆ ನಿಶ್ಚಿತ ಸ್ಥಾನವುಳ್ಳ ಕಥಾಭಾಗ. ಶ್ರವಣ ದೊರೆಯ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಮೊದಲಾದವು ಪ್ರಸಿದ್ಧ. ಪ್ರಸ್ತುತ ಚರ್ಚೆಗೆ ಸಂಕಮ್ಮನ ಸಾಲು ಮುಖ್ಯ. ಮಕ್ಕಳಿಲ್ಲದ ಸಂಕಮ್ಮನನ್ನು ಸೋಲಿಗರ ಗಂಡ ನೀಲೇಗೌಡ ಸಂದೇಹಿಸುತ್ತಾನೆ. ಕಾಡಿಗೆ ಹೊರಡುವ ಮುನ್ನ ಶೀಲದ ಬಗ್ಗೆ ಭಾಷೆ ಕೊಡೆಂದು ಒತ್ತಾಯಿಸುತ್ತಾನೆ. ಆಕೆ ಒಪ್ಪುವುದಿಲ್ಲ. ಭಾಷೆ ಕೊಡದ ತಪ್ಪಿಗೆ ಆಕೆಯನ್ನು ಘೋರ ಹಿಂಸೆಗೆ ಗುರಿಪಡಿಸಿ, ಕಾಡಿನಲ್ಲಿ ಬಂಧಿಸಿ ಹೋಗುತ್ತಾನೆ. ಮಾದೇಶ್ವರ ಜಂಗಮರೂಪದಲ್ಲಿ ಬಂದು ಆಕೆಯನ್ನು ಪೊರೆಯುತ್ತಾನೆ. ಕಾರಯ್ಯ, ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ವರ ಕೊಡುತ್ತಾನೆ.

‘ಕೋಲುಮಂಡೆ ಜಂಗಮ’ ಎಂದು ಪ್ರಸಿದ್ಧವಾದ ಹಾಡು ಜಂಗಮನು ಕೋರಣ್ಯಕ್ಕೆ ಬರುವುದನ್ನು ಹೇಳುತ್ತದೆ. ಪರಂಪರೆಯನ್ನು ಬಲ್ಲ ಕೇಳುಗರ ಮನಸ್ಸಿನಲ್ಲಿ ಇದು ಸಂಕಮ್ಮನ ವೃತ್ತಾಂತದೊಡನೆ ಕೂಡಿಕೊಂಡಿದೆ. ಬೇಡಲು ಬಂದವನೇ ಕೊಡುವವನು, ನೀಡಬೇಕಾದವಳೇ ನೊಂದವಳು ಎಂಬ ತಿರುವಿನಲ್ಲಿ ಈ ಪ್ರಸಂಗದ ಭಾವವೆಲ್ಲ ಅಡಗಿದೆ. ಸಾಲನ್ನು ಅರಿಯದವರಿಗೆ ಅದೊಂದು ಚುರುಕಾದ ಲಯದ ಭಕ್ತಿಗೀತೆ ಮಾತ್ರ.

2. ಚಲನಚಿತ್ರದಲ್ಲಿ ದೊರೆತ ಹೊಸ ಗುರುತು

1996ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಜನುಮದ ಜೋಡಿ’ ತೆರೆಕಂಡಿತು. ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ ‘ಮಳೇಲಾ ಜೀವ್’ ಅನ್ನು ಆಧರಿಸಿದ ಈ ಚಿತ್ರಕ್ಕೆ ಸಂಗೀತ ವಿ. ಮನೋಹರ್ ಅವರದು. ಇದರಲ್ಲಿ ‘ಕೋಲುಮಂಡೆ’ ಹಾಡಿಗೆ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಚಲನಚಿತ್ರ ಪ್ರಶಸ್ತಿ ಸಂದಿತು. ಗುಜರಾತಿನ ಕಥೆ ಕರ್ನಾಟಕದ ನೆಲಕ್ಕೆ ಒಗ್ಗುವಲ್ಲಿ ಈ ಹಾಡಿನ ಪಾಲು ದೊಡ್ಡದು.

ಚಿತ್ರದಿಂದಾದ ಪ್ರಯೋಜನವನ್ನು ಅಲ್ಲಗಳೆಯಲಾಗದು. ಹಳೆಯ ಮೈಸೂರು ಸೀಮೆಯ ಹೊರಗೆ ಕಂಸಾಳೆಯ ಹೆಸರನ್ನೇ ಕೇಳದವರಿಗೂ ಅದರ ಲಯ ಪರಿಚಯವಾಯಿತು. ಜೊತೆಗೆ ಇನ್ನೊಂದು ಬದಲಾವಣೆಯೂ ನಡೆಯಿತು. ‘ಇದು ಯಾವ ಸಾಲಿನ ಹಾಡು?’ ಎಂಬ ಪ್ರಶ್ನೆಯ ಜಾಗದಲ್ಲಿ ‘ಇದು ಯಾವ ಚಿತ್ರದ ಹಾಡು?’ ಎಂಬ ಪ್ರಶ್ನೆ ಬಂದು ನಿಂತಿತು. ಇದೇ ಪರಂಪರೆಯ ‘ಸೋಜುಗದ ಸೂಜು ಮಲ್ಲಿಗೆ’ ಗೀತೆಗೂ ಹೀಗೆಯೇ ಆಗಿದೆ. ಅನನ್ಯಾ ಭಟ್ ಅವರ ಕಂಠದಲ್ಲಿ ಅದು ಭಾಷೆಯ ಗಡಿ ದಾಟಿತು. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಮಂಗಳೂರಿನ ಭೂಗತ ಹಿಂಸೆಯ ಕಥನಕ್ಕೆ ಸೇರಿತು. ಮಾದಪ್ಪನಿಗೆ ಮಲ್ಲಿಗೆಯನ್ನು ಅರ್ಪಿಸುವ ಹಾಡು ಈಗ ಕೆಲವರಿಗೆ ಧ್ಯಾನದ ಸಂಗೀತ, ಕೆಲವರಿಗೆ ರಕ್ತಸಿಕ್ತ ದೃಶ್ಯಗಳ ನೆನಪು.

ಹಾಡು ಊರಿಂದೂರಿಗೆ ಸಾಗುವುದು ಜಾನಪದಕ್ಕೆ ಹೊಸತಲ್ಲ. ಸಂಚಾರವೇ ಅದರ ಜೀವ. ಆದರೆ ಮೌಖಿಕ ಸಂಚಾರದಲ್ಲಿ ಹಾಡು ಪ್ರತಿ ಕಂಠದಲ್ಲೂ ಬದಲಾಗುತ್ತ, ಪಾಠಾಂತರಗಳನ್ನು ಬೆಳೆಸುತ್ತ ಹೋಗುತ್ತದೆ. ಧ್ವನಿಮುದ್ರಣವಾದರೋ ಒಂದೇ ಪಾಠವನ್ನು ಕೆಲವೇ ನಿಮಿಷಗಳ ಅಳತೆಗೆ ಕತ್ತರಿಸಿ ಸ್ಥಿರಗೊಳಿಸುತ್ತದೆ. ಆ ಸ್ಥಿರ ಪಾಠ ಶಾಲಾ ವಾರ್ಷಿಕೋತ್ಸವ, ವಾದ್ಯಗೋಷ್ಠಿಗಳ ಮೂಲಕ ಹಳ್ಳಿಗೆ ಮರಳಿ ಬಂದಾಗ ಅದೇ ‘ಸರಿಯಾದ ಹಾಡು’ ಎನಿಸಿಕೊಳ್ಳುತ್ತದೆ. ರಾತ್ರಿಯಿಡೀ ಸಾಲು ಹಾಡಬಲ್ಲ ಗಾಯಕನ ಪಾಠ ತಪ್ಪಿದ್ದೆಂಬಂತೆ ತೋರುತ್ತದೆ. ಚಿಂತಿಸಬೇಕಾದುದು ಹಾಡು ಹೊರಗೆ ಹೋದುದಕ್ಕಲ್ಲ, ಮರಳಿ ಬಂದ ರೀತಿಗೆ.

3. 2020ರ ವಿವಾದದ ಪಾಠ

2020ರ ಆಗಸ್ಟ್ ತಿಂಗಳಲ್ಲಿ ‘ಕೋಲುಮಂಡೆ’ಯ ರ‍್ಯಾಪ್ ಶೈಲಿಯ ವಿಡಿಯೊ ಒಂದು ಬಿಡುಗಡೆಯಾಯಿತು. ಅದರಲ್ಲಿ ಶರಣೆ ಸಂಕಮ್ಮನನ್ನು ಅಗೌರವವಾಗಿ ಚಿತ್ರಿಸಲಾಗಿದೆಯೆಂದು ಮಾದಪ್ಪನ ಭಕ್ತರು ತೀವ್ರವಾಗಿ ಆಕ್ಷೇಪಿಸಿದರು. ಗಾಯಕರು ಕ್ಷಮೆ ಯಾಚಿಸಿದರು, ವಿಡಿಯೊವನ್ನು ಹಿಂತೆಗೆದುಕೊಳ್ಳಲಾಯಿತು.

ಈ ಘಟನೆಯನ್ನು ಧಾರ್ಮಿಕ ಭಾವನೆಗೆ ಆದ ನೋವೆಂದಷ್ಟೇ ಗ್ರಹಿಸಿದರೆ ಅದರ ಜಾನಪದೀಯ ಮಹತ್ವ ಕಣ್ತಪ್ಪುತ್ತದೆ. ಆಕ್ಷೇಪ ಎದ್ದುದು ಲಯವನ್ನು ಬದಲಿಸಿದ್ದಕ್ಕಾಗಲಿ ವಿದೇಶಿ ವಾದ್ಯ ನುಡಿಸಿದ್ದಕ್ಕಾಗಲಿ ಅಲ್ಲ, ಸಂಕಮ್ಮನ ಚಿತ್ರಣಕ್ಕೆ. ಅಂದರೆ ಆಕ್ಷೇಪಿಸಿದವರ ಪಾಲಿಗೆ ಹಾಡು ಇನ್ನೂ ಸಾಲಿನೊಳಗೇ ಇತ್ತು. ಶೀಲದ ಸಂದೇಹಕ್ಕೆ ಗುರಿಯಾಗಿಯೂ ಭಾಷೆ ಕೊಡಲೊಪ್ಪದ ಹೆಣ್ಣನ್ನು ನೋಟದ ವಸ್ತುವಾಗಿಸಿದಾಗ, ಕಥೆ ಬಲ್ಲವರಿಗೆ ಅದು ನೀಲೇಗೌಡನ ಹಿಂಸೆಯ ಮುಂದುವರಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಹಾಡನ್ನು ಚಿತ್ರಗೀತೆಯಾಗಿಯೇ ಬಲ್ಲವರಿಗೆ ಈ ಅಸಮಾಧಾನ ಅತಿರೇಕವೆನಿಸಿರಬಹುದು. ಒಂದೇ ಹಾಡಿಗೆ ಎರಡು ಬಗೆಯ ನೆನಪುಗಳಿವೆ ಎಂಬುದನ್ನು ಈ ಪ್ರಸಂಗ ಬಯಲಿಗೆ ತಂದಿತು. ಸಾಲಿನ ನೆನಪು ಅಳಿಯುವತನಕ ದೃಶ್ಯಮಾಧ್ಯಮದ ಜಯ ಪೂರ್ಣವಲ್ಲ.

4. ಹೆಸರು ಮತ್ತು ಹಕ್ಕು

ಧ್ವನಿಸುರುಳಿಗಳಲ್ಲಿ, ಚಲನಚಿತ್ರಗಳಲ್ಲಿ ಇಂಥ ಹಾಡುಗಳ ಮೂಲವನ್ನು ‘ಜಾನಪದ’ ಅಥವಾ ‘ಸಾಂಪ್ರದಾಯಿಕ’ ಎಂಬ ಒಂದೇ ಪದದಲ್ಲಿ ಸೂಚಿಸುವುದು ರೂಢಿ. ಕರ್ತೃ ತಿಳಿಯದಿರುವುದು ನಿಜ. ಆದರೆ ಹಾಡು ಯಾರಿಂದ ಕಲಿತದ್ದು, ಯಾವ ಸೀಮೆಯದು, ಯಾವ ಸಾಲಿನದು ಎಂಬುದು ಕಲಿತವರಿಗೆ ತಿಳಿದಿರುತ್ತದೆ. ವಿದ್ವತ್ ಪ್ರಪಂಚ ಈ ವಿಷಯದಲ್ಲಿ ಬೇರೆ ಮೇಲ್ಪಂಕ್ತಿಯನ್ನು ಹಾಕಿಕೊಟ್ಟಿದೆ. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯದ ಪಾಠಕ್ಕೆ ಅದನ್ನು ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರು ಅಂಟಿಕೊಂಡಿದೆ.

ಕಾನೂನಿನ ರಕ್ಷಣೆ ಇಲ್ಲಿ ಅರೆಬರೆಯಾದುದು. 1957ರ ಕೃತಿಸ್ವಾಮ್ಯ ಕಾಯಿದೆಯಡಿ ಧ್ವನಿಮುದ್ರಣದ ಹಕ್ಕು ನಿರ್ಮಾಪಕನದು. 1994ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮೊದಲ ಬಾರಿಗೆ ಕಾಯಿದೆಗೆ ಸೇರಿಸಿತು. 2012ರ ತಿದ್ದುಪಡಿ ತನ್ನ ಪ್ರದರ್ಶನದೊಡನೆ ಗುರುತಿಸಲ್ಪಡುವ ನೈತಿಕ ಹಕ್ಕನ್ನು ಪ್ರದರ್ಶಕನಿಗೆ ನೀಡಿತು. ಆದರೆ ಈ ಹಕ್ಕು ಮುದ್ರಣದಲ್ಲಿ ಸ್ವತಃ ಹಾಡಿದವನಿಗೆ ಸಲ್ಲುತ್ತದೆ. ಕಂಸಾಳೆಯವನಿಂದ ಹಾಡು ಕಲಿತು ಬೇರೊಬ್ಬರು ಹಾಡಿದರೆ, ಕಲಿಸಿದವನಿಗೆ ಕಾಯಿದೆಯಲ್ಲಿ ಸ್ಥಾನವಿಲ್ಲ. ಸಮುದಾಯಕ್ಕಂತೂ ಇಲ್ಲವೇ ಇಲ್ಲ.

ಆದುದರಿಂದ ಕಾಯಿದೆಯನ್ನು ಕಾಯದೆ ಮಾಡಬಹುದಾದ ಕೆಲಸ ದಾಖಲಾತಿಯದು. ಮಾಧ್ಯಮಕ್ಕೆ ಬಂದಿರುವ ಪ್ರತಿ ಜನಪದ ಗೀತೆಗೂ ಸೀಮೆ, ಸಾಲು, ಸಂದರ್ಭ, ವಕ್ತೃ, ದೊರೆತ ಪಾಠಾಂತರಗಳು ಎಂಬ ಐದು ವಿವರಗಳುಳ್ಳ ಸೂಚಿಯೊಂದನ್ನು ಅಕಾಡೆಮಿಗಳು, ವಿಶ್ವವಿದ್ಯಾಲಯದ ಜಾನಪದ ವಿಭಾಗಗಳು, ಗ್ರಂಥಾಲಯಗಳು ಕೂಡಿ ಸಿದ್ಧಪಡಿಸಬೇಕಾಗಿದೆ. ಅಂಥ ಸೂಚಿ ಲಭ್ಯವಿದ್ದಲ್ಲಿ ‘ಜಾನಪದ’ ಎಂಬ ಒಂದು ಪದದಲ್ಲಿ ಕೈ ತೊಳೆದುಕೊಳ್ಳಲು ನೆಪವಿರುವುದಿಲ್ಲ. ಹಾಡನ್ನು ಬಳಸಲೆಳಸುವ ಸಂಗೀತ ನಿರ್ದೇಶಕನಿಗೂ ತಾನು ಯಾರ ಕಥೆಯನ್ನು ಎತ್ತಿಕೊಳ್ಳುತ್ತಿದ್ದೇನೆಂಬುದು ಮೊದಲೇ ತಿಳಿಯುತ್ತದೆ.

‘ಕೋಲುಮಂಡೆ’ ಚಿತ್ರಗೀತೆಯಾಗಿ ಉಳಿಯಲಿ. ಅದರಿಂದ ಮಾದಪ್ಪನಿಗಾಗಲಿ ಕಂಸಾಳೆಗಾಗಲಿ ಕುಂದಿಲ್ಲ. ಆದರೆ ಆ ಹಾಡು ಕೇಳಿದಾಗ ತೆರೆಯ ಮೇಲಿನ ದೃಶ್ಯದ ಜೊತೆಗೆ ಸಂಕಮ್ಮನೂ ನೆನಪಾಗಬೇಕು. ಆ ನೆನಪು ಉಳಿದಿರುವುದು ಇಂದಿಗೂ ಸಾಲನ್ನು ಪೂರ್ತಿಯಾಗಿ ಹಾಡಬಲ್ಲ ಗಾಯಕರಲ್ಲಿ. ಅವರ ಸಂಖ್ಯೆ ಕುಗ್ಗುವ ಮುನ್ನ ಈ ದಾಖಲಾತಿ ನಡೆಯಬೇಕಾದುದು ಅಗತ್ಯ.