ರಾಂಪುರದ ಹಟಮಾರಿ ವಿದ್ಯಾರ್ಥಿಗಳು

ಕುದುರೆ ಏರುವವನಿಗೆ ಜೀನು, ರಿಕಾಪು, ಕಡಿವಾಣ ಎಲ್ಲ ಉಂಟು. ಮಾವುತನಿಗೆ ಇವ್ಯಾವುವೂ ಇಲ್ಲ. ಆನೆಯ ಕೊರಳಿಗೆ ಸುತ್ತಿದ ಹಗ್ಗವೊಂದಿದ್ದರೆ ಅದೇ ಆಸರೆ. ಎರಡೂ ಕಾಲನ್ನು ಕಿವಿಗಳ ಹಿಂದೆ ಇಳಿಬಿಟ್ಟು, ಹೆಬ್ಬೆರಳಲ್ಲಿ ಒತ್ತಿ, ಬಾಯಲ್ಲೊಂದು ಮಾತು ಹೇಳಿದರೆ ಮೂರು ನಾಲ್ಕು ಟನ್ ತೂಕದ ಪ್ರಾಣಿ ಲಂಟಾನದ ಮೆಳೆಯೊಳಗೆ ಎಡಕ್ಕೋ ಬಲಕ್ಕೋ ಹೊರಳುತ್ತದೆ. ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ ಬಂಡೀಪುರದ ಕಾಡಿನಲ್ಲಿ, ರಾಂಪುರ ಆನೆ ಶಿಬಿರದ ಮಾವುತರು ಮತ್ತು ಅವರ ಸಹಾಯಕರಾದ ಕಾವಾಡಿಗಳು ನಿತ್ಯ ಮಾಡುವ ಸವಾರಿ ಇದು.

ಈ ಶಿಬಿರದ ವಿದ್ಯಾರ್ಥಿಗಳಲ್ಲಿ ಎರಡು ಬಗೆ. ಶಿಬಿರದಲ್ಲೇ ಹುಟ್ಟಿ ಬೆಳೆದವು ಒಂದು ಬಗೆ. ಇವಕ್ಕೆ ಮನುಷ್ಯನ ವಾಸನೆ ಹೊಸದಲ್ಲ. ಇನ್ನೊಂದು ಬಗೆಯವು ಹೊಲ ನುಗ್ಗಿ, ಜನರ ಮೇಲೆ ಬಿದ್ದು, ‘ಪುಂಡಾನೆ’ ಎಂಬ ಹೆಸರು ಹೊತ್ತು ಸೆರೆಯಾಗಿ ಬಂದವು. ಹೆಚ್ಚಿನವು ಗಂಡು. ಅರಿವಳಿಕೆ ಮದ್ದಿನ ಅಮಲು ಇಳಿದು ಕಣ್ಣು ಬಿಡುವ ಹೊತ್ತಿಗೆ ಸುತ್ತ ದಪ್ಪ ಮರದ ದಿಮ್ಮಿಗಳ ಗೋಡೆ ಎದ್ದಿರುತ್ತದೆ. ಇದೇ ಕ್ರಾಲ್.

ಕ್ರಾಲ್‌ನ ಮೊದಲ ದಿನಗಳು ನೋಡಲು ಹಿತವಾದವಲ್ಲ. ಆನೆ ದಿಮ್ಮಿಗೆ ಹಣೆ ಗುದ್ದುತ್ತದೆ, ಕೊಟ್ಟ ಸೊಪ್ಪನ್ನು ಎತ್ತಿ ಎಸೆಯುತ್ತದೆ, ಹತ್ತಿರ ಬಂದವನತ್ತ ಸೊಂಡಿಲು ಬೀಸುತ್ತದೆ. ಮಾವುತ ದಿಮ್ಮಿಗಳ ಆಚೆ ನಿಂತು ಒಂದೇ ಸಮನೆ ಮಾತಾಡುತ್ತಿರುತ್ತಾನೆ. ಏನು ಮಾತಾಡಿದ ಎನ್ನುವುದಕ್ಕಿಂತ, ದಿನವೂ ಅದೇ ದನಿ ಕಿವಿಗೆ ಬೀಳುವುದು ಮುಖ್ಯ. ಕಬ್ಬು, ಬೆಲ್ಲ, ನೀರು ಎಲ್ಲವೂ ಆ ಒಬ್ಬನ ಕೈಯಿಂದಲೇ ಬರಬೇಕು. ಒಂದು ದಿನ ಆನೆ ಬೆಲ್ಲದ ಉಂಡೆಯನ್ನು ಅವನ ಅಂಗೈಯಿಂದಲೇ ಎತ್ತಿಕೊಳ್ಳುತ್ತದೆ. ಮುಂದೆ ದಿಮ್ಮಿಯ ಸಂದಿಯಿಂದ ಉದ್ದನೆಯ ಕೋಲು ಚಾಚಿ ಮೈ ಸವರುವುದು, ಆಮೇಲೆ ಬರಿಗೈಯಲ್ಲಿ ಮುಟ್ಟುವುದು, ಇಟ್ಟ ಹೆಸರು ಹಿಡಿದು ಕರೆಯುವುದು. ಕೆಲವು ಎರಡು ಮೂರು ತಿಂಗಳಲ್ಲಿ ಬಗ್ಗುತ್ತವೆ. ಕೆಲವಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಆನೆಯ ಹಟಕ್ಕಿಂತ ಒಂದು ತೂಕ ಹೆಚ್ಚಿನ ತಾಳ್ಮೆ ಮಾವುತನಲ್ಲಿ ಇರದಿದ್ದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಕಲಿಸುವ ಮಾತುಗಳಲ್ಲಿ ಉರ್ದು, ಹಿಂದಿಯ ಬೆರಕೆ ಬಹಳ. ‘ಬೈಟ್’ ಎಂದರೆ ಕೂರಬೇಕು, ‘ಸಲಾಂ’ ಎಂದರೆ ಸೊಂಡಿಲೆತ್ತಬೇಕು. ಮನೆಯಲ್ಲಿ ಜೇನುಕುರುಬರ ನುಡಿಯಾಡುವ ಮಾವುತನೂ ಆನೆಯೊಡನೆ ಮಾತಿಗೆ ನಿಂತರೆ ಈ ಪದಗಳನ್ನೇ ಬಳಸುತ್ತಾನೆ. ಹಾಡಿಗಳಲ್ಲಿ ಅಪ್ಪನಿಂದ ಮಗನಿಗೆ ಇಳಿದು ಬಂದ ಬದುಕು ಇದು.

ಚಾಮರಾಜನಗರ ಸೀಮೆಗೆ ಆನೆ ಹಿಡಿದು ಪಳಗಿಸುವ ಕೆಲಸ ಹಳೆಯದು. ಮೈಸೂರು ಸಂಸ್ಥಾನದಲ್ಲಿ ನೀರಾವರಿ ಕಾಲುವೆಗಳ ಉಸ್ತುವಾರಿಗಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಇಲ್ಲಿಯೇ ಖೆಡ್ಡಾ ನಡೆಸಿ ಯಶಸ್ವಿಯಾದ. 1878ರಲ್ಲಿ ಆ ಅನುಭವಗಳ ಪುಸ್ತಕ ಹೊರತಂದ. ತಮಟೆ, ಬೆಂಕಿ, ಕೂಗಾಟಗಳಿಂದ ಇಡೀ ಹಿಂಡನ್ನೇ ಬೇಲಿಯೊಳಕ್ಕೆ ನೂಕಿ, ಸಾಕಾನೆಗಳ ನಡುವೆ ಸಿಕ್ಕಿಸಿ ಹಗ್ಗ ಬಿಗಿಯುವ ಆ ಪದ್ಧತಿಯಲ್ಲಿ ಮರಿಗಳೂ ತಾಯಂದಿರೂ ಸಾಯುತ್ತಿದ್ದವು. 1971ರಲ್ಲಿ ಕಾಕನಕೋಟೆಯಲ್ಲಿ ನಡೆದದ್ದೇ ಕೊನೆಯ ಖೆಡ್ಡಾ. ಅದನ್ನು ವೈಭವದ ನೆನಪಾಗಿ ಬಣ್ಣಿಸುವವರು ಇಂದಿಗೂ ಇದ್ದಾರೆ. ನಿಂತು ಹೋದದ್ದೇ ಒಳ್ಳೆಯದಾಯಿತು. ಕ್ರಾಲ್ ಕೂಡ ಸೆರೆಮನೆಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇಲ್ಲಿ ಒಂದು ಆನೆಗೆ ಒಬ್ಬ ಮನುಷ್ಯ, ಅವಸರವಿಲ್ಲ.

ಕ್ರಾಲ್‌ನಿಂದ ಹೊರಬಂದ ಆನೆಯ ದಿನಚರಿ ಬೇರೆ. ಬೆಳಗ್ಗೆ ನೀರಿನಲ್ಲಿ ಮಲಗಿಸಿ ಮೈ ಉಜ್ಜುವುದು, ಬೇಯಿಸಿದ ರಾಗಿ, ಹುರುಳಿಯ ಮುದ್ದೆ, ಆಮೇಲೆ ಕೆಲಸ. ಸಂಜೆ ಕಾಲಿಗೆ ಉದ್ದನೆಯ ಸರಪಳಿ ಕಟ್ಟಿ ಕಾಡಿಗೆ ಬಿಟ್ಟುಬಿಡುತ್ತಾರೆ. ರಾತ್ರಿಯೆಲ್ಲ ಅದು ಮೇಯುತ್ತದೆ. ಹೆಣ್ಣಾನೆಗಳು ಕಾಡಿನ ಸಲಗಗಳನ್ನು ಕೂಡುವುದೂ ಉಂಟು. ಮುಂಜಾನೆ ಕಾವಾಡಿ ಮಣ್ಣಿನಲ್ಲಿ ಸರಪಳಿ ಎಳೆದ ಗೆರೆ ಹಿಡಿದು ಹುಡುಕಿಕೊಂಡು ಹೋಗುತ್ತಾನೆ. ಬಂಡೀಪುರದಲ್ಲಿ ಹುಲಿಯಿದೆ, ಒಂಟಿಸಲಗವಿದೆ, ಮಂಜಿದೆ. ಅವನ ಕೈಯಲ್ಲಿರುವುದು ಕತ್ತಿಯೋ ಕೋಲೋ ಅಷ್ಟೆ.

ಜನ ನೋಡುವುದು ದಸರೆಯ ಆನೆಯನ್ನು. ಮೈಸೂರಿಗೆ ಹೋದ ಆನೆಗಳ ಬೆನ್ನಿಗೆ ಮರಳಿನ ಮೂಟೆ ಹೇರಿ ನಡೆಸುತ್ತಾರೆ, ಮರದ ಅಂಬಾರಿ ಕಟ್ಟುತ್ತಾರೆ, ಕುಶಾಲತೋಪಿನ ಸದ್ದಿಗೆ ಒಗ್ಗಿಸುತ್ತಾರೆ. ತೋಪಿನ ತಾಲೀಮಿಗೆ ಅಶ್ವದಳದ ಕುದುರೆಗಳನ್ನೂ ಕರೆತರುತ್ತಾರೆ. 2022ರಲ್ಲಿ ಹೀಗೆ ರಾಂಪುರದಿಂದ ಹೋಗಿದ್ದ ಲಕ್ಷ್ಮಿ ಸೆಪ್ಟೆಂಬರ್ 13ರಂದು ಅರಮನೆಯ ಆವರಣದಲ್ಲೇ ಗಂಡುಮರಿ ಹಾಕಿತು. ಮರಿಗೆ ಶ್ರೀ ದತ್ತಾತ್ರೇಯ ಎಂದು ಹೆಸರಾಯಿತು. ಆ ವರ್ಷ ಮೆರವಣಿಗೆಗೆ ಹೋಗದೆಯೂ ಲಕ್ಷ್ಮಿಯೇ ಸುದ್ದಿಯಲ್ಲಿತ್ತು.

ಕುದುರೆ ಸವಾರಿಯ ಈವೆಂಟಿಂಗ್ ಸ್ಪರ್ಧೆ ಬಲ್ಲವರಿಗೆ ಆನೆ ಪಳಗಿಸುವ ಕೆಲಸದ ಹದ ಬೇಗ ಹಿಡಿಯುತ್ತದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಅಲ್ಲಿ ಮೊದಲು ಡ್ರೆಸ್ಸಾಜ್: ಅಳೆದ ಅಂಗಳದಲ್ಲಿ, ಕಣ್ಣಿಗೆ ಕಾಣದಂಥ ಸನ್ನೆಗೆ ಕುದುರೆ ಹೆಜ್ಜೆ ಹಾಕಬೇಕು. ಆಮೇಲೆ ಬಯಲು, ದಿಬ್ಬ, ನೀರು ದಾಟುವ ಕ್ರಾಸ್‌ಕಂಟ್ರಿ. ಆನೆಗೆ ರಾಜಬೀದಿ ಅಂಗಳವಿದ್ದಂತೆ. ಅಸಲು ಪರೀಕ್ಷೆ ಇರುವುದು ಕಾಡಿನಲ್ಲಿ.

2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರದ ಆಸುಪಾಸಿನಲ್ಲಿ ಇಬ್ಬರನ್ನು ಹುಲಿ ಕೊಂದಿತ್ತು. ಜೀಪು ಹೋಗದ, ಕಾಲ್ನಡಿಗೆಯಲ್ಲಿ ಹೋದರೆ ಜೀವಕ್ಕೆ ಕುತ್ತಾಗುವ ಮೆಳೆಗಳಲ್ಲಿ ಸಾಕಾನೆಗಳ ಮೇಲೆ ಕುಳಿತೇ ಹುಡುಕಾಟ ನಡೆಯಿತು. ಕೊನೆಗೆ ಅರಿವಳಿಕೆ ಹಾರಿಸಿ ಅದನ್ನು ಹಿಡಿದರು. ಹುಲಿಯ ವಾಸನೆ ಹತ್ತಿದಾಗ ಆನೆ ತಿರುಗಿ ಓಡಬಾರದು, ಘೀಳಿಡಬಾರದು, ಬೆನ್ನ ಮೇಲಿನ ವೈದ್ಯ ಗುರಿಯಿಡುವವರೆಗೆ ಕದಲಬಾರದು. ಹುಟ್ಟುಗುಣಕ್ಕೆ ವಿರುದ್ಧವಾದ ಈ ಪಾಠವನ್ನು ಹೊಡೆದು ಕಲಿಸಲಾಗದು. ಅಂಕುಶದ ಭಯ ಹುಲಿಯ ಭಯಕ್ಕಿಂತ ದೊಡ್ಡದೇನಲ್ಲವಲ್ಲ!

ಅಪಾಯ ಮಾತ್ರ ಎಂದೂ ತಪ್ಪಿದ್ದಲ್ಲ. ಎಂಟು ದಸರೆಗಳಲ್ಲಿ ಅಂಬಾರಿ ಹೊತ್ತ, ಬಳ್ಳೆ ಶಿಬಿರದ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಬಳಿ ಸೆರೆ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತಿತು. ಆನೆ ಸತ್ತಾಗ ಅದರ ಹೆಸರು ನಾಡಿಗೆಲ್ಲ ಗೊತ್ತಾಗುತ್ತದೆ. ಮಾವುತನ ಹೆಸರು ಶಿಬಿರದ ಆಚೆ ಹೆಚ್ಚು ಮಂದಿಗೆ ತಿಳಿದಿರುವುದಿಲ್ಲ.

ಮಾವುತ ನಿವೃತ್ತನಾದರೆ ಅದೇ ಆನೆಗೆ ಮೇವು ಹೊತ್ತು ತರುತ್ತಿದ್ದ ಕಾವಾಡಿಗೆ ಕೊರಳೇರುವ ಸರದಿ. ದನಿ ಪರಿಚಿತವಾದ್ದರಿಂದ ಹೊಸ ಸವಾರನನ್ನು ಆನೆ ಒಪ್ಪುತ್ತದೆ. ಗಂಡಾನೆಗೆ ಮದ ಬಂದ ವಾರಗಳಲ್ಲಿ ಮಾತ್ರ ಈ ಸಲುಗೆಯನ್ನು ಯಾರೂ ನೆಚ್ಚುವುದಿಲ್ಲ. ಕಪೋಲದಿಂದ ರಸ ಇಳಿಯತೊಡಗಿದೊಡನೆ ಕೆಲಸ ನಿಲ್ಲಿಸಿ, ಗಟ್ಟಿ ಮರಕ್ಕೆ ಸರಪಳಿ ಬಿಗಿದು, ಮೇವನ್ನು ದೂರದಿಂದಲೇ ಎಸೆಯುತ್ತಾರೆ. ಮದ ಇಳಿದ ಮೇಲೆ ಮಾವುತ ಮತ್ತೆ ಬೆಲ್ಲದಿಂದಲೇ ಶುರುಮಾಡುತ್ತಾನೆ.